ಬೀಡಿ ಕಡಿಮೆ ಮಾಡಿ ಇನ್ಹೇಲರ್ ತೆಗೆದುಕೊಂಡರೆ ಸಾಕೇ?

ಪ್ರಶ್ನೆ: ನನಗೆ 52 ವರ್ಷ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಬೆಳಿಗ್ಗೆ ಕಫ ಬೀಳುತ್ತದೆ. ಊದಿಸಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆ ಮಾಡಿ, ಸಿಒಪಿಡಿ, ಅಂದರೆ ಉಸಿರಿನ ಕೊಳವೆಗಳು ಕಿರಿದಾಗುವ ಶ್ವಾಸಕೋಶದ ಕಾಯಿಲೆಯ ಆರಂಭದ ಹಂತ ಎಂದಿದ್ದಾರೆ. ದಿನಕ್ಕೆ 20 ಬೀಡಿ ಸೇದುತ್ತಿದ್ದವನು 5ಕ್ಕೆ ಇಳಿಸಿದ್ದೇನೆ, ಇನ್ಹೇಲರನ್ನೂ ಎಳೆಯುತ್ತಿದ್ದೇನೆ. ಇಷ್ಟು ಸಾಕಲ್ಲವೇ?

ಉತ್ತರ: ಸಾಲದು. ಆ ಐದನ್ನೂ ಬಿಡಲೇಬೇಕು. ಬೀಡಿ ಕಡಿಮೆಯಾದಾಗ ಉಳಿದದ್ದನ್ನು ನಮಗೇ ತಿಳಿಯದಂತೆ ಇನ್ನಷ್ಟು ಆಳವಾಗಿ ಎಳೆಯುತ್ತೇವೆ. ಇನ್ಹೇಲರ್ ಉಸಿರಿನ ಕೊಳವೆಗಳನ್ನು ಸಡಿಲಿಸಿ ದಮ್ಮು ಇಳಿಸುತ್ತದೆ, ಆದರೆ ಹೊಗೆ ಮಾಡುವ ಹಾನಿಯನ್ನು ಅದು ತಡೆಯಲಾರದು. ಅಮೆರಿಕ ಮತ್ತು ಕೆನಡಾದಲ್ಲಿ ನಿಮ್ಮಂಥ ಆರಂಭದ ಹಂತದವರನ್ನೇ 11 ವರ್ಷ ಗಮನಿಸಿದಾಗ, ಸೇದುತ್ತಲೇ ಇದ್ದ ಗಂಡಸರು ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿ ವರ್ಷಕ್ಕೆ ಸುಮಾರು 66 ಮಿ.ಲೀ. ಕುಗ್ಗಿತ್ತು. ಪೂರ್ತಿ ಬಿಟ್ಟವರಲ್ಲಿ ಕುಗ್ಗಿದ್ದು ಸುಮಾರು 30. ವಯಸ್ಸಾದಂತೆ ಎಲ್ಲರಿಗೂ ಆಗುವ ಇಳಿಕೆಯೇ ಹೆಚ್ಚುಕಡಿಮೆ ಅಷ್ಟು. ಕಳೆದುಹೋದದ್ದು ಮರಳುವುದಿಲ್ಲ, ಆದ್ದರಿಂದ ಈಗಲೇ ಬಿಟ್ಟರೆ ಉಳಿಯುವುದು ಹೆಚ್ಚು.

ಬಿಡಲು ನಿಕೋಟಿನ್ ಗಮ್ ನೆರವಾಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನಿಸಿದರೆ 4 ಮಿ.ಗ್ರಾಂ., ಇಲ್ಲವಾದರೆ 2. ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಇದನ್ನು ಚ್ಯೂಯಿಂಗ್ ಗಮ್‌ನಂತೆ ಜಗಿದು ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಶುರುವಾಗಿ ಎರಡೇ ದಿನಕ್ಕೆ ಬೇಸರ ಬರುತ್ತದೆ. ನಾಲಿಗೆ ಚುರುಗುಟ್ಟುವವರೆಗೆ ನಿಧಾನ ಜಗಿದು ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ, ಚುರುಕು ಇಳಿದಾಗ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚಿನಿಂದ ಕಾಫಿ ಬೇಡ, ಔಷಧ ಬಾಯಲ್ಲಿ ಹೀರಿಕೊಳ್ಳುವುದಿಲ್ಲ. 1800-11-2356ಕ್ಕೆ ಉಚಿತವಾಗಿ ಕರೆ ಮಾಡಿದರೆ ಬಿಡಲು ಸಲಹೆಯೂ ಸಿಗುತ್ತದೆ.

ಬೀಡಿ ಬಿಟ್ಟು ಬೆಳಿಗ್ಗೆ ಬಚ್ಚಲ ಒಲೆಗೆ ಸೌದೆ ತುರುಕುತ್ತಾ ಕೂತರೆ ಅದೇ ಹೊಗೆ ಮತ್ತೆ ಒಳಗೆ ಹೋಗುತ್ತದೆ. ಹಂಡೆ ಕಾಯಿಸುವುದಕ್ಕೂ ಬೇರೆ ದಾರಿ ನೋಡಿ.

ಒತ್ತುವ ಇನ್ಹೇಲರ್ ಆದರೆ: ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ಎಳೆಯಲು ಶುರುಮಾಡಿದೊಡನೆ ಒತ್ತಿ ನಿಧಾನವಾಗಿ ಎಳೆದು 10 ಎಣಿಸುವವರೆಗೆ ಉಸಿರು ಹಿಡಿಯಿರಿ. ರಭಸದಿಂದ ಎಳೆದರೆ ಔಷಧ ಗಂಟಲಿಗೇ ಬಡಿಯುತ್ತದೆ. ಪುಡಿಯ ರೋಟಾಕ್ಯಾಪ್‌ಗೆ ಇದು ತದ್ವಿರುದ್ಧ, ಜೋರಾಗಿಯೇ ಎಳೆಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಿ.

ದಿನವೂ ನಡೆಯಿರಿ, ತುಸು ಏದುಸಿರು ಬಂದರೂ ಪರವಾಗಿಲ್ಲ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ, ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಕೇಳಿ. ಕಫ ಹೆಚ್ಚಿ ಹಳದಿ ಅಥವಾ ಹಸಿರಿಗೆ ತಿರುಗಿ ದಮ್ಮು ಏರಿದರೆ ಅಂದೇ ವೈದ್ಯರನ್ನು ಕಾಣಿ. ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ನೇರ ಆಸ್ಪತ್ರೆಗೆ ಹೋಗಿ.