ರೊಕ್ಕ ಕಡಿಮೆ ಬಿದ್ದಾಗ ಮೊದಲು ಯಾವ ಖರ್ಚು ಕಡಿಯುತ್ತೀರಿ?

ಮಾರ್ಚ್ 31ಕ್ಕೆ ಹಳೆಯ ಅನುದಾನ ಮುಗಿಯುತ್ತದೆ. ಹೊಸದು ಮಂಜೂರಾಗಿದ್ದರೂ ಖಾತೆಗೆ ಬೀಳುವಷ್ಟರಲ್ಲಿ ಎಷ್ಟೋ ಸಲ ಮುಂಗಾರಿ ಬಿತ್ತನೆ ಮುಗಿದಿರುತ್ತದೆ. ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ಈ ನಡುವಿನ ತಿಂಗಳುಗಳೇ ಕಷ್ಟ. ಹಾವೇರಿ, ಗದಗ ಭಾಗದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಇಂಥ ಬಜೆಟ್ ಸಭೆಗಳಲ್ಲಿ ಕೂತಿದ್ದೇನೆ. ಕತ್ತರಿ ಮೊದಲು ಬೀಳುವುದು ಮನೆ ಭೇಟಿಯ ಮೇಲೆ. ಹಳ್ಳಿ ಸುತ್ತುವ ಕಾರ್ಯಕರ್ತೆಯ ಪಗಾರ, ಪೆಟ್ರೋಲು, ಫೋನ್ ಖರ್ಚು. ಶಿಬಿರ ಮಾತ್ರ ಉಳಿಯುತ್ತದೆ. ಶಿಬಿರಕ್ಕೆ ಫೋಟೋ ಇರುತ್ತದೆ, ಬಂದವರ ಲೆಕ್ಕ ಇರುತ್ತದೆ, ವರದಿಯಲ್ಲಿ ತೋರಿಸಲು ಬರುತ್ತದೆ. ಒಬ್ಬ ಹುಡುಗ ಈ ತಿಂಗಳು ಕಾಯಿಲೆ ಮರುಕಳಿಸದೆ ಇದ್ದ ಎಂಬುದನ್ನು ಯಾವ ಫೋಟೋದಲ್ಲಿ ತೋರಿಸುವುದು?

ನನ್ನ ಅಭಿಪ್ರಾಯ ಸ್ಪಷ್ಟ: ಮನೆ ಭೇಟಿಯನ್ನು ಎಲ್ಲಕ್ಕಿಂತ ಕೊನೆಗೆ ಕಡಿಯಬೇಕು.

ಗುರುತು ಬದಲಿಸಿ ಒಂದು ಮನೆಯ ವಿಷಯ ಹೇಳುತ್ತೇನೆ. ರಾಣೆಬೆನ್ನೂರು ಕಡೆಯ ಹಳ್ಳಿ. ಸ್ಕಿಜೋಫ್ರೇನಿಯಾ, ಅಂದರೆ ಭ್ರಮೆ ಹುಟ್ಟಿಸುವ ತೀವ್ರ ಮಾನಸಿಕ ಕಾಯಿಲೆ ಇರುವ ಮಗ, ತಾಯಿ, ಇಬ್ಬರೇ. ಅವನಿಗೆ ಗುಳಿಗೆ ನುಂಗುವುದೆಂದರೆ ಆಗದು, ಅದಕ್ಕೇ ತಿಂಗಳಿಗೊಂದು ಸೂಜಿ. ತಾಯಿ ಬೀಜೋತ್ಪಾದನೆ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾರೆ. ಹೂವಿಗೆ ಹೂವು ಮುಟ್ಟಿಸುವ ಆ ಕೆಲಸಕ್ಕೆ ಸೀಸನ್ನಿನಲ್ಲಿ ಒಂದು ದಿನವೂ ಬಿಡುವಿಲ್ಲ. ಸೂಜಿಯ ದಿನ ಕಾರ್ಯಕರ್ತೆ ಬಂದು ಮಗನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದಳು. ಸಂಸ್ಥೆಗೆ ಅನುದಾನ ನಿಂತಿತು, ಅವಳ ಹುದ್ದೆ ಹೋಯಿತು. ಎರಡು ಸೂಜಿ ತಪ್ಪಿದವು. ಮೊದಲು ನಿದ್ದೆ ಕೆಟ್ಟಿತು. ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬನೇ ಮಾತಾಡತೊಡಗಿದ. ಕೊನೆಗೆ ಬಾಡಿಗೆ ಗಾಡಿ ಮಾಡಿ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಬೇಕಾಯಿತು. ಜೊತೆಗಿರಲು ತಾಯಿಯೂ ಹೋದರು. ಸೀಸನ್ನಿನ ಕೂಲಿ ಹೋಯಿತು.

"ಅಕ್ಕಾರು ಬರೂದು ನಿಂತತ್ರಿ. ಸೂಜಿ ಯಾವತ್ತ ಅನ್ನೂದು ನೆನಪ ಉಳೀಲಿಲ್ಲ. ಕ್ರಾಸಿಂಗ್ ಬಿಟ್ಟು ಹೆಂಗ ಹೋಗ್ಲಿ ಹೇಳ್ರಿ?" ಎಂದರು ಆ ತಾಯಿ.

ಲೆಕ್ಕ ಹಾಕಿ ನೋಡಿ. ಆ ಗಾಡಿಯ ಬಾಡಿಗೆಯೊಂದರಲ್ಲೇ ಎಷ್ಟೋ ತಿಂಗಳ ಸೂಜಿ ಬರುತ್ತಿತ್ತು. ಸಂಸ್ಥೆ ಉಳಿಸಿದೆ ಅಂದುಕೊಂಡ ಹಣವನ್ನು ಆ ತಾಯಿ ತುಂಬಿದರು. ಸರ್ಕಾರಿ ಆಸ್ಪತ್ರೆಯ ಹಾಸಿಗೆಯ ಖರ್ಚು ಬೇರೆ.

ಔಷಧದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ 48 ಗಂಟೆಗಿಂತ ಜಾಸ್ತಿ ಗುಳಿಗೆ ತಪ್ಪಿದರೆ ಮತ್ತೆ ಹಳೆಯ ಡೋಸ್ ಕೊಡುವಂತಿಲ್ಲ. 12.5 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಬೇಕು. ಬೈಪೋಲಾರ್ ಕಾಯಿಲೆಗೆ, ಅಂದರೆ ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಒಮ್ಮೆಲೇ ನಿಂತರೆ ಉನ್ಮಾದ ಮರಳಿ ಬರುವ ಅಪಾಯ ಹೆಚ್ಚು. "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂಬ ಮಾತು ಇವರಿಗೆ ಬರೀ ಒಂದು ವಾರದ ತೊಂದರೆಯಲ್ಲ.

ಹಾಗಂತ ದಾನದ ಹಣದಲ್ಲೇ ಔಷಧ ಕೊಳ್ಳುತ್ತಾ ಹೋಗುವುದು ಸರಿಯಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 18ನೇ ಕಲಂ ಪ್ರಕಾರ, ಅಗತ್ಯ ಔಷಧ ಪಟ್ಟಿಯಲ್ಲಿರುವವು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ದವಾಖಾನೆಗಳಲ್ಲಿ ಪುಕ್ಕಟೆ ಸಿಗಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಅದರ ಬೇರು ನಮ್ಮ ಪಕ್ಕದ ಬಳ್ಳಾರಿಯಲ್ಲಿ, 80ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಲ್ಲಿದೆ. ಈ ಕಾರ್ಯಕ್ರಮದಡಿ ಒಂದು ಜಿಲ್ಲೆಗೆ ವರ್ಷಕ್ಕೆ 83.2 ಲಕ್ಷ ರೂಪಾಯಿವರೆಗೆ ನೆರವು ಕೊಡಲು ಅವಕಾಶವಿದೆ. ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯೂ ನಮ್ಮ ರಾಜ್ಯದಲ್ಲಿದೆ.

ಸಂಸ್ಥೆಗಳ ಕೆಲಸ ಇಲ್ಲಿಂದ ಶುರುವಾಗಬೇಕು. ಯಾವ ಊರಲ್ಲಿ ಯಾರಿಗೆ ಯಾವ ಗುಳಿಗೆ, ತಿಂಗಳಿಗೆ ಎಷ್ಟು ಬೇಕು ಎಂಬ ಪಟ್ಟಿ ಮಾಡಿ. ಇಂಡೆಂಟ್, ಅಂದರೆ ಔಷಧದ ಬೇಡಿಕೆ ಹಾಕುವ ಮುಂಚೆಯೇ ತಾಲ್ಲೂಕು ಆಸ್ಪತ್ರೆಯ ಫಾರ್ಮಸಿಸ್ಟ್ ಕೈಗೆ ಕೊಡಿ. ಮುಂಡರಗಿಯಲ್ಲೋ ಹಾನಗಲ್ಲಿನಲ್ಲೋ ಕೂತ ಫಾರ್ಮಸಿಸ್ಟ್‌ಗೆ ಯಾವ ಹಳ್ಳಿಯಲ್ಲಿ ಕ್ಲೋಜಪಿನ್ ಎಷ್ಟು ಬೇಕು ಅಂತ ಹೇಳುವವರು ಬೇರೆ ಯಾರಿದ್ದಾರೆ? ಒಂದು ತಿಂಗಳಿಗಾಗುವಷ್ಟು ತುರ್ತು ದಾಸ್ತಾನನ್ನು ಮಾತ್ರ ವೈದ್ಯರ ಸುಪರ್ದಿಯಲ್ಲಿ ಇಟ್ಟುಕೊಳ್ಳಿ. ದಾನದ ಹಣ ಮನುಷ್ಯರ ಪಗಾರಕ್ಕೆ ಹೋಗಲಿ.

ಆ ಪಗಾರ ಎಲ್ಲಿಂದ ತರುವುದು? ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆರೋಗ್ಯ ಆ ಪಟ್ಟಿಯಲ್ಲಿದೆ. ಆದರೆ ಈ ಹಣ ಬಹುತೇಕ ಯೋಜನೆಯ ಲೆಕ್ಕದಲ್ಲಿ ಬರುತ್ತದೆ. ಒಂದು ವರ್ಷ, ಹೆಚ್ಚೆಂದರೆ ಮೂರು. ಕಾಯಿಲೆಗೆ ಅಂಥ ಅವಧಿ ಇಲ್ಲ. ಅದಕ್ಕೆ ಕಾರ್ಯಕರ್ತೆಯ ಪೂರ್ತಿ ಪಗಾರವನ್ನು ಒಬ್ಬನೇ ದಾನಿಯ ಮೇಲೆ ಹೊರಿಸಬೇಡಿ. ಅರ್ಧ ಯೋಜನೆಯಿಂದ ಬರಲಿ, ಅರ್ಧ ಊರಿನಿಂದ. ಮೂರು ತಿಂಗಳ ಪಗಾರವನ್ನು ಬೇರೆ ಖಾತೆಯಲ್ಲಿಟ್ಟು, ಏಪ್ರಿಲ್‌ನಿಂದ ಹಣ ಬರುವವರೆಗೆ ಬಿಟ್ಟು ಉಳಿದ ದಿನ ಅದನ್ನು ಮುಟ್ಟಬೇಡಿ.

ಊರಿನ ಹಣ ಅಂದರೆ ಕೆಲವರು ತಲೆ ಅಲ್ಲಾಡಿಸುತ್ತಾರೆ. ಆದರೆ ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಣ್ಣ ಸಣ್ಣ ಮೊತ್ತ ಕೂಡಿಸುವ ರೂಢಿ ನಮಗೆ ಹೊಸದಲ್ಲ. ಎಪಿಎಂಸಿ ವರ್ತಕರು, ನಿವೃತ್ತ ಶಿಕ್ಷಕರು, ಪತ್ತಿನ ಸಂಘಗಳು ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಆ ಹಣಕ್ಕೆ ಮಾರ್ಚ್ 31ರ ಗಡುವು ಇರುವುದಿಲ್ಲ. ರೋಗಿಗಳಿಂದ ಫೀ ತೆಗೆದುಕೊಳ್ಳುವ ಸಲಹೆಯೂ ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಅವರು ಆಗಲೇ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ.

ಖರ್ಚಿಲ್ಲದೆ ಆಗುವ ಕೆಲಸವೂ ಇದೆ. ಫಾಲೋಅಪ್ ದಿನವನ್ನು ಸಂತೆಯ ದಿನಕ್ಕೇ ಇಡಿ. ಹೇಗೂ ಪೇಟೆಗೆ ಬರುತ್ತಾರೆ ಅಲ್ವಾ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ ಪುಕ್ಕಟೆ, ಮಗನಿಗೆ ಟಿಕೆಟ್ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಪ್ರಮಾಣಪತ್ರ ಮಾಡಿಸಿಕೊಡಿ. ಒಮ್ಮೆ ಮಾಡಿಸಿದರೆ ಎಷ್ಟೋ ಸೌಲಭ್ಯಕ್ಕೆ ದಾರಿಯಾಗುತ್ತದೆ.

ಮನೆಯವರಿಗೂ ಒಂದು ಮಾತು. ನಿಮ್ಮೂರಿಗೆ ಬರುತ್ತಿದ್ದ ಕಾರ್ಯಕರ್ತೆ ಬರುವುದು ನಿಂತರೆ ಸುಮ್ನೆ ಕಾಯಬೇಡಿ. ಮುಂದಿನ ಸೂಜಿಯ ತಾರೀಖನ್ನು ಆಶಾ ಕಾರ್ಯಕರ್ತೆಗೆ ಬರೆದು ಕೊಡಿ, ಕ್ಯಾಲೆಂಡರಿನಲ್ಲೂ ಗುರುತು ಹಾಕಿ. ಗುಳಿಗೆ ಮುಗಿಯಲು ಒಂದು ವಾರ ಇರುವಾಗಲೇ ದವಾಖಾನೆಗೆ ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ. ಎರಡು ರಾತ್ರಿ ನಿದ್ದೆ ಕೆಟ್ಟರೆ ಮುಂದಿನ ಮಂಗಳವಾರದವರೆಗೆ ತಡೆಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಫೋನ್ ಮಾಡುವಾಗ ಔಷಧದ ಚೀಟಿ ಕೈಯಲ್ಲಿರಲಿ.