ಮರಳುಗಾಡಿನ ಗವಿಯಲ್ಲಿ ಮಳೆಯ ಲೆಕ್ಕ

ಸೌದಿಯಲ್ಲಿ ಕೆಲಸಕ್ಕಿರುವ ನಮ್ಮ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಮಳೆಗಾಲದಲ್ಲಿ ರಜೆಗೆ ಬಂದಿದ್ದ. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಮರಳುಗಾಡಿನ ಗವಿ, ಒಳಗೆ ಆಳೆತ್ತರದ ಸುಣ್ಣದ ಕಂಬಗಳು. "ಮಳೆಯೇ ಇಲ್ಲದ ಊರಲ್ಲಿ ಇದು ಹ್ಯಾಗೋ ಮಾರಾಯ?" ಅಂದರು ಅಪ್ಪಯ್ಯ.

ಭೂವಿಜ್ಞಾನಿಗಳು ಕೇಳಿಕೊಂಡಿದ್ದೂ ಇದನ್ನೇ. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಸುಣ್ಣಕಲ್ಲನ್ನು ಕರಗಿಸಿಕೊಂಡು ಗವಿಯೊಳಗೆ ತೊಟ್ಟಿಕ್ಕುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ, ಹಾಗೆಯೇ ಇಲ್ಲೂ ಪದರದ ಮೇಲೆ ಪದರ. ಮಳೆ ನಿಂತರೆ ಕಂಬ ಬೆಳೆಯುವುದೂ ನಿಂತಿತು.

ಒಂಟೆ ಮೇಯಿಸುವ ಬೆದೂಯಿನ್ ಜನಕ್ಕೆ ಈ ಗವಿಗಳು ಹಳೆಯ ಪರಿಚಯ. 'ದಹಲ್' ಅಂತ ಕರೆದು, ಒಳಗೆ ನೀರು ಹುಡುಕುತ್ತಿದ್ದರು. 1980ರ ದಶಕದಲ್ಲಿ ಹವ್ಯಾಸಿಗಳು ಹಗ್ಗ ಹಿಡಿದು ಇಳಿದರು. 1999ರಲ್ಲಿ ಸೌದಿ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಶುರುವಾಯಿತು. ಆಮೇಲೆ ಅಳತೆ, ನಕ್ಷೆ, ಫೋಟೊ ಸಮೇತ ವರದಿಗಳು ಬಂದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸೌದಿಯದೇ ಉಮ್ ಜಿರ್ಸಾನ್ ಅನ್ನುವ ಗವಿ. ಇದು ಸುಣ್ಣಕಲ್ಲಿನದಲ್ಲ. ಜ್ವಾಲಾಮುಖಿಯಿಂದ ಹರಿಯುವ ಲಾವಾದ ಮೇಲ್ಪದರ ತಣ್ಣಗಾಗಿ ಗಟ್ಟಿಯಾಯಿತು, ಒಳಗಿನದು ಹರಿದು ಖಾಲಿಯಾಯಿತು. ಉಳಿದ ಕೊಳವೆ 1,481 ಮೀಟರ್ ಉದ್ದ. ಒಳಗೆ ಕತ್ತೆಕಿರುಬಗಳು ಎಳೆದು ತಂದ ಮೂಳೆಗಳ ರಾಶಿ. 2021ರಲ್ಲಿ ಅದರ ವಿವರ ಹೊರಬಂತು. 2024ರಲ್ಲಿ ಇನ್ನೊಂದು ಸುದ್ದಿ: ಕನಿಷ್ಠ 7,000 ವರ್ಷಗಳ ಹಿಂದಿನಿಂದ ಮನುಷ್ಯರೂ ಅಲ್ಲಿ ತಂಗುತ್ತಿದ್ದರು. ಹತ್ತಿರದ ಬಂಡೆಗಳ ಮೇಲೆ ಕುರಿ, ಆಡು, ನಾಯಿಗಳ ಚಿತ್ರಗಳಿವೆ.

2025ರಲ್ಲಿ ಅಪ್ಪಯ್ಯನ ಪ್ರಶ್ನೆಗೇ ಉತ್ತರ ಸಿಕ್ಕಿತು. ಯುರೇನಿಯಂ ನಿಧಾನಕ್ಕೆ ಸೀಸವಾಗುವ ಲೆಕ್ಕ ಹಿಡಿದು ವಿಜ್ಞಾನಿಗಳು ಸುಣ್ಣದ ಕಂಬಗಳ ವಯಸ್ಸು ಅಳೆದರು. ಕಂಬ ಬೆಳೆದ ಕಾಲವೆಂದರೆ ಮಳೆ ಬಿದ್ದ ಕಾಲ. ಕಳೆದ 80 ಲಕ್ಷ ವರ್ಷಗಳಲ್ಲಿ ಆ ಮರಳುಗಾಡು ಮತ್ತೆ ಮತ್ತೆ ಹಸಿರಾಗಿತ್ತು.

ಗೋಜಲು ಇರುವುದು ಬೇರೆ ಕಡೆ. 2019ರಲ್ಲಿ ಸೌದಿ ಪ್ರವಾಸಿ ವೀಸಾ ಕೊಡಲು ಶುರುಮಾಡಿತು. ಗವಿಯ ಕಥೆ ಹೇಳಿದರೆ ನೋಡುವ ಆಸೆ ಹುಟ್ಟುತ್ತದೆ. ಆದರೆ ಗವಿಯ ನೆಲದ ದೂಳಿನ ಪದರ ತುಳಿದರೆ ಅದರೊಳಗಿನ ಸಾವಿರಾರು ವರ್ಷಗಳ ಗುರುತು ಕಲಸಿಹೋಗುತ್ತದೆ. ಮಲೆನಾಡಿನಲ್ಲಿ ಸಣ್ಣ ಸಣ್ಣ ಜಲಪಾತಗಳ ಲೊಕೇಶನ್ ಹಂಚಿದ ಮೇಲೆ ಬಂಡೆ ಸಂದಿಯಲ್ಲಿ ಬಾಟಲಿ ಆರಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಗಂತ ಬಾಯಿ ಮುಚ್ಚಿಕೊಂಡಿರಬೇಕಾ? ವಿಜ್ಞಾನಿಗಳು ಕಂಡದ್ದನ್ನೆಲ್ಲ ಹೇಳಲಿ, ಮಕ್ಕಳಿಗೂ ತಿಳಿಯುವ ಮಾತಿನಲ್ಲಿ ಹೇಳಲಿ. ಕಾವಲು ಇಲ್ಲದ ಗವಿಯ ದಾರಿಯೊಂದನ್ನು ಮಾತ್ರ ತಡೆದಿಟ್ಟುಕೊಳ್ಳಲಿ.

ಹುಡುಗನ ಫೋಟೊದಲ್ಲಿ ಒಂದು ಕಂಬದ ತುದಿ ಮುರಿದಿತ್ತು. ಮುರಿದ ಕಡೆ ಮರದ ದಿಮ್ಮಿಯ ಹಾಗೆ ಸುತ್ತು ಸುತ್ತಿನ ಗೆರೆಗಳು. ಸೂರಿನ ನೀರು ಅಂಗಳಕ್ಕೆ ಸುರಿಯುತ್ತಿತ್ತು. ಅಪ್ಪಯ್ಯ ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಿ ಆ ಗೆರೆಗಳನ್ನು ಎಣಿಸುತ್ತಿದ್ದರು.