ಅಡ್ಮಿರಲ್ ಕಟಾರಿಯವರ ದಾರಿ ನಿಮ್ಮದಲ್ಲ

ಏಳಿಮಲದ ನೌಕಾ ಅಕಾಡೆಮಿ ಕಾಸರಗೋಡು ಜಿಲ್ಲೆಯ ತೆಂಕಣ ಗಡಿಯಿಂದ ಹೆಚ್ಚು ದೂರದಲ್ಲಿಲ್ಲ. ವೃತ್ತಿ ಮಾರ್ಗದರ್ಶನಕ್ಕೆಂದು ನನ್ನ ಬಳಿ ಬರುವ ಕುಂಬಳೆ, ಬದಿಯಡ್ಕ ಕಡೆಯ ಮಕ್ಕಳಿಗೆ ಅದರ ಹೆಸರು ಗೊತ್ತು. “ಮಾಷ್ಟ್ರೇ, ನೌಕಾಪಡೆ ಸೇರಿದವರು ಮುಂದೆ ರಾಯಭಾರಿಯೂ ಆಗಬಹುದಂತೆ, ಹೌದೇ?” ಎಂದು ಕೇಳುತ್ತಾರೆ. ಹೌದು, ಆದರೆ ಅವರು ಅಂದುಕೊಂಡ ಹಾಗಲ್ಲ.

ಅವರು ಕೇಳಿರುವುದು ರಾಮದಾಸ್ ಕಟಾರಿಯವರಂಥವರ ಕಥೆ. ಚೆಂಗಲ್ಪಟ್ಟುವಿನಲ್ಲಿ ಹುಟ್ಟಿ, ಡಫರಿನ್ ತರಬೇತಿ ಹಡಗಿನಲ್ಲಿ ಕಲಿತು, 1958ರಲ್ಲಿ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ ಅವರು. 1961ರ ಗೋವಾ ಕಾರ್ಯಾಚರಣೆಯಲ್ಲಿ, ಕಾರವಾರದೆದುರಿನ ಅಂಜದೀವಿ ದ್ವೀಪಕ್ಕೆ ನಾವಿಕರು ಇಳಿದಾಗ, ಪಡೆ ಅವರ ಕೈಯಲ್ಲಿತ್ತು. ನಿವೃತ್ತರಾದ ಮೇಲೆ ಆಂಧ್ರಪ್ರದೇಶ ರಸ್ತೆ ಸಾರಿಗೆ ನಿಗಮದ ಅಧ್ಯಕ್ಷರಾದರು (ಯುದ್ಧನೌಕೆಯಿಂದ ನೇರವಾಗಿ ಬಸ್ಸಿಗೆ!). 1964ರಲ್ಲಿ ಬರ್ಮಾಕ್ಕೆ (ಇಂದಿನ ಮ್ಯಾನ್ಮಾರ್) ರಾಯಭಾರಿಯಾಗಿ ಹೋದರು. ಅದು ಸುಖದ ಹುದ್ದೆಯಾಗಿರಲಿಲ್ಲ. ಅಲ್ಲಿನ ಸೇನಾ ಆಡಳಿತಗಾರ ನೆ ವಿನ್ ಅವರ ಸರಕಾರ ಅಂಗಡಿ, ವ್ಯಾಪಾರಗಳನ್ನೆಲ್ಲ ರಾಷ್ಟ್ರೀಕರಿಸಿದ್ದರಿಂದ ತಲೆಮಾರುಗಳಿಂದ ಅಲ್ಲಿದ್ದ ಭಾರತೀಯರು, ಅದರಲ್ಲೂ ತಮಿಳರು, ಬರಿಗೈಯಲ್ಲಿ ಹಡಗು ಹತ್ತಿ ಮರಳುತ್ತಿದ್ದ ಕಾಲ ಅದು. 1967ರ ಭಾರತ–ಬರ್ಮಾ ಗಡಿ ಒಪ್ಪಂದವೂ ಅವರ ಅವಧಿಯಲ್ಲೇ ಆಯಿತು.

ಮುಂದೆ ನೌಕಾಪಡೆಯ ಮುಖ್ಯಸ್ಥರಾಗಿ ನಿವೃತ್ತರಾದ ಅಡ್ಮಿರಲ್ ಸುರೀಶ್ ಮೆಹ್ತಾ ನ್ಯೂಜಿಲೆಂಡಿಗೂ ನಿರ್ಮಲ್ ವರ್ಮಾ ಕೆನಡಾಕ್ಕೂ ಹೈಕಮಿಷನರಾಗಿ (ಕಾಮನ್‌ವೆಲ್ತ್ ದೇಶಗಳಲ್ಲಿ ರಾಯಭಾರಿಗೆ ಇರುವ ಹೆಸರು) ಹೋದರು. ಇವೆಲ್ಲ ಸರಕಾರ ತಾನಾಗಿ ಕರೆದು ಕೊಟ್ಟ ನೇಮಕಗಳು. ಇದಕ್ಕೆ ಅರ್ಜಿ ನಮೂನೆ ಇಲ್ಲ. ಮುಖ್ಯಸ್ಥರ ಮಟ್ಟಕ್ಕೇರಿದವರಲ್ಲೂ ಎಲ್ಲರಿಗೂ ಇದು ಸಿಗುವುದಿಲ್ಲ. ಹದಿನೇಳರ ಹುಡುಗಿ ಇದನ್ನು ನಂಬಿ ಬದುಕು ಯೋಜಿಸಬಾರದು.

ಯೋಜಿಸಬಹುದಾದ ದಾರಿ ಯುಪಿಎಸ್‌ಸಿ ಪರೀಕ್ಷೆಯದು. ಪದವಿ ಮುಗಿಸಿ ಅಲ್ಪಾವಧಿ ಕಮಿಷನ್‌ನಲ್ಲಿ (ನಿಗದಿತ ವರ್ಷಗಳ ಮಟ್ಟಿಗಿನ ಸೇನಾ ಸೇವೆ) ಅಧಿಕಾರಿಯಾಗಿ, ಅವಧಿ ಮುಗಿದ ಮೇಲೆ ವಿದೇಶಾಂಗ ಸೇವೆಗೆ ಪರೀಕ್ಷೆ ಬರೆಯಬಹುದು. ಸಾಮಾನ್ಯ ವರ್ಗದ ವಯೋಮಿತಿ 32. ಕನಿಷ್ಠ 5 ವರ್ಷ ಸೇವೆ ಸಲ್ಲಿಸಿದ ಅಧಿಕಾರಿಗಳಿಗೆ 5 ವರ್ಷದವರೆಗೆ ಸಡಿಲಿಕೆ ಇದೆ. ಪೋಷಕರು ಗಮನಿಸದೆ ಬಿಡುವ ಷರತ್ತು ಇಲ್ಲಿದೆ: ಒಪ್ಪಿಕೊಂಡ ಅವಧಿ ಪೂರೈಸಿ ಬಿಡುಗಡೆಯಾಗಿರಬೇಕು. ಬೇಸರವಾಯಿತೆಂದು ನಡುವೆ ರಾಜೀನಾಮೆ ಕೊಟ್ಟು ಬಂದವರಿಗೆ ಈ ಸಡಿಲಿಕೆ ಇಲ್ಲ. 23ಕ್ಕೆ ಸೇರಿ 10 ವರ್ಷ ದುಡಿದು ಬಂದರೆ ಕೈಯಲ್ಲಿ ಉಳಿಯುವುದು ಮೂರ್ನಾಲ್ಕು ವರ್ಷ ಮಾತ್ರ. ಸಿಗುವ ರಿಯಾಯಿತಿ ವಯಸ್ಸಿನಲ್ಲಿ, ಅಂಕದಲ್ಲಲ್ಲ. ರಾಜತಾಂತ್ರಿಕ ಕೆಲಸವೇ ಗುರಿಯಾದವರು ಪದವಿಯಾದೊಡನೆ ನೇರವಾಗಿ ಪರೀಕ್ಷೆ ಬರೆಯುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಕಡಲೇ ಬೇಕೆನಿಸಿದವರಿಗೆ ಮಾತ್ರ ನೌಕಾಪಡೆ.

ಅಲ್ಲೂ ರಾಜತಂತ್ರದ ಕೆಲಸವಿಲ್ಲದೆ ಇಲ್ಲ. ಹಡಗು ವಿದೇಶಿ ಬಂದರು ಮುಟ್ಟಿದರೆ ಕಪ್ತಾನರು ಅಲ್ಲಿನ ನೌಕಾ ಅಧಿಕಾರಿಗಳನ್ನೂ ನಗರದ ಮುಖ್ಯಸ್ಥರನ್ನೂ ಭೇಟಿಯಾಗುವ ಪದ್ಧತಿ ಇದೆ. ಕೆಲವು ರಾಯಭಾರ ಕಚೇರಿಗಳಲ್ಲಿ ನೌಕಾ ಅಧಿಕಾರಿಗಳೇ ಸೇನಾ ಪ್ರತಿನಿಧಿಗಳಾಗಿರುತ್ತಾರೆ.

ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಮಾತು: ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿಯೂ ಆರಿಸಿಕೊಳ್ಳಬಹುದು. ವಿದೇಶಾಂಗ ಸೇವೆಗೆ ಆಯ್ಕೆಯಾದವರು ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂದು ಬೆಳೆದ ಮಂಜೇಶ್ವರದ ಮಕ್ಕಳು ಅದಕ್ಕೆ ಅಷ್ಟೇನೂ ಹೆದರಲಾರರು.